ಕಪ್ಪೆ ಮೇಷ್ಟ್ರು ನಾರಾಯಣ ರಾವ್

ಜೀವವಿಕಾಸದ ಮರ ಅಂದ್ರೆ ನಮಗೆ ಡಾರ್ವಿನ್ ನೆನಪಾಗ್ತಾನೆ. ಆದರೆ ಆ ಮರದ ಒಂದು ಕೊಂಬೆಗೆ ಬೆಂಗಳೂರಿನ ಒಬ್ಬ ಕಾಲೇಜ್ ಮೇಷ್ಟ್ರ ಹೆಸರಿದೆ. ಅವರು ಸಿ. ಆರ್. ನಾರಾಯಣ ರಾವ್. ಹುಟ್ಟಿದ್ದು 1882ರಲ್ಲಿ ಕೊಯಮತ್ತೂರಿನಲ್ಲಿ, ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದು ಪ್ರಾಣಿಶಾಸ್ತ್ರ ವಿಭಾಗವನ್ನು ಬೆಳೆಸಿದರು.

ಅವರ ಕೆಲಸ ಕಪ್ಪೆಗಳ ಮೇಲೆ. 1920ರಲ್ಲಿ ಕೊಡಗಿನ ಒಂದು ಕಪ್ಪೆಗೆ 'ಪವಿತ್ರ ಜೌಗು' ಅನ್ನೋ ಅರ್ಥದ ಲ್ಯಾಟಿನ್ ಹೆಸರಿಟ್ಟರು. 1937ರಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಮೇಲೆ ಒಂದು ದೊಡ್ಡ ಲೇಖನ ಬಂತು. ಆಗ ಡಿಎನ್ಎ ಓದುವ ದಾರಿಯೇ ಇರಲಿಲ್ಲ. ಬೆರಳಿನ ತುದಿ, ನಾಲಿಗೆ, ಹಲ್ಲು, ಚರ್ಮ ಇವನ್ನೇ ನೋಡಿ, ಅಳೆದು, ಯಾರು ಯಾರಿಗೆ ಸಂಬಂಧಿ ಅಂತ ಹೇಳಬೇಕಿತ್ತು. ಇದರ ನಡುವೆ 1932ರಲ್ಲಿ ಬೆಂಗಳೂರಿನಿಂದ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಗೆ ಅವರೇ ಮೊದಲ ಸಂಪಾದಕರು. ಪಾಠ, ಕಾಡು, ಪ್ರೂಫ್ ತಿದ್ದೋದು ಎಲ್ಲಾ ಒಟ್ಟಿಗೆ! ನಮಗೆ ಒಂದು ಲ್ಯಾಬ್ ರೆಕಾರ್ಡ್ ಬರೆಯೋಕೇ ಟೈಮ್ ಸಿಗಲ್ಲ.

ಅವರು 1960ರಲ್ಲಿ ತೀರಿಕೊಂಡರು. ಅವರು ಹೆಸರಿಟ್ಟ ಎಷ್ಟೋ ಕಪ್ಪೆಗಳ ಮೂಲ ಮಾದರಿಗಳು ಕಾಲೇಜಿನಲ್ಲೇ ಇದ್ದವು, ಅವು ಕಳೆದುಹೋದವು. ಇದು ಸಣ್ಣ ನಷ್ಟ ಅಲ್ಲ. ಹೊಸ ಪ್ರಾಣಿಗೆ ಹೆಸರಿಟ್ಟಾಗ ಒಂದು ಮಾದರಿಯನ್ನು ತೆಗೆದಿಡುತ್ತಾರೆ, ಮುಂದೆ ಅನುಮಾನ ಬಂದರೆ ಅದರ ಜೊತೆ ಹೋಲಿಸಿ ನೋಡಬೇಕು. ಅದು ಹೋದರೆ ಉಳಿಯೋದು ಹೆಸರು ಮತ್ತು ಕಾಗದದ ಮೇಲಿನ ವಿವರಣೆ. ಸೋರ್ಸ್ ಕೋಡ್ ಡಿಲೀಟ್ ಆಗಿ ರೀಡ್‌ಮಿ ಫೈಲ್ ಮಾತ್ರ ಉಳಿದ ಹಾಗೆ. ಹಾಗಾಗಿ ಮುಂದಿನವರು ಮತ್ತೆ ಕಾಡಿಗೇ ಹೋಗಬೇಕಾಯ್ತು. ಕೊಡಗಿನ ಆ ಜೌಗಿನ ಕಪ್ಪೆಯನ್ನು ಎಸ್. ಡಿ. ಬಿಜು ಅವರ ತಂಡ ಮತ್ತೆ ಗುರುತಿಸಿ ಪ್ರಕಟಿಸಿದ್ದು 2011ರಲ್ಲಿ, ಅಂದ್ರೆ 91 ವರ್ಷ ಆದ ಮೇಲೆ.

ಈಗ ಮರ ಕಟ್ಟೋದು ಡಿಎನ್ಎಯಿಂದ. ಗಿಟ್ ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತೆ. ಎರಡು ಬ್ರಾಂಚುಗಳಲ್ಲಿ ಒಂದೇ ಬದಲಾವಣೆ ಕಂಡರೆ, ಆ ಬದಲಾವಣೆ ಅವು ಬೇರೆಯಾಗೋ ಮುಂಚೆಯೇ ಆಗಿರಬಹುದು ಅಂತ ಊಹಿಸ್ತೀವಿ. ಆದರೆ ಇಲ್ಲಿ ಕಮಿಟ್ ಹಿಸ್ಟರಿ ಯಾರೂ ಬರೆದಿಟ್ಟಿಲ್ಲ. ಇವತ್ತು ಬದುಕಿರುವ ತುದಿಗಳನ್ನು ಹೋಲಿಸಿ, ಯಾವ ಮರ ಆ ವ್ಯತ್ಯಾಸಗಳನ್ನು ಚೆನ್ನಾಗಿ ವಿವರಿಸುತ್ತೆ ಅಂತ ಕಂಪ್ಯೂಟರಿನಲ್ಲಿ ಹುಡುಕಬೇಕು. ನೋಡೋಕೆ ಒಂದೇ ಥರ ಇದ್ದ ಮಾತ್ರಕ್ಕೆ ಹತ್ತಿರದ ಸಂಬಂಧಿ ಆಗಲ್ಲ, ಒಂದೇ ಥರದ ಜಾಗದಲ್ಲಿ ಬದುಕಿದ್ದರಿಂದಲೂ ಹಾಗಾಗಬಹುದು.

ಹೀಗೆ ನೋಡಿದಾಗ ಪಶ್ಚಿಮ ಘಟ್ಟದ ಪೊದೆಗಪ್ಪೆಗಳು ತಮ್ಮದೇ ಒಂದು ಕೊಂಬೆ ಅಂತ ಗೊತ್ತಾಯ್ತು. ಮೊದಲು ಅವನ್ನು ಫಿಲಾಟಸ್ ಅನ್ನೋ ದೊಡ್ಡ ಗುಂಪಿಗೆ ಸೇರಿಸಿದ್ದರು. ಇವು ವಿಚಿತ್ರ ಕಪ್ಪೆಗಳು. ಭಾಲ್ಕಿ, ಔರಾದ್ ಕಡೆ ಮಳೆ ಬಿದ್ದ ರಾತ್ರಿ ಒದರೋ ಕಪ್ಪೆಗಳು ನಿಂತ ನೀರಲ್ಲಿ ಮೊಟ್ಟೆ ಇಡ್ತಾವೆ, ನೀರಲ್ಲಿ ಗೊದಮೊಟ್ಟೆ ಈಜಾಡ್ತಾವೆ. ಪೊದೆಗಪ್ಪೆಗೆ ಈಜಾಡೋ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಗೆ ಬರುತ್ತೆ.

2010ರಲ್ಲಿ ಬಿಜು ಮತ್ತು ಜೊತೆಗಾರರು ಈ ಕೊಂಬೆಗೆ ರಾವ್ ಅವರ ನೆನಪಲ್ಲಿ 'ರಾವೋರ್ಕೆಸ್ಟಿಸ್' ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಓರ್ಕೆಸ್ಟಿಸ್ ಅಂದ್ರೆ ಕುಣಿಯುವವನು. ಆ ಲೇಖನ ಬಂದಿದ್ದು ಬೇರೆಲ್ಲೂ ಅಲ್ಲ, ಅದೇ 'ಕರೆಂಟ್ ಸೈನ್ಸ್'ನಲ್ಲಿ. ಈಗ ಈ ಕುಲದಲ್ಲಿ 60ಕ್ಕೂ ಹೆಚ್ಚು ಪ್ರಭೇದಗಳಿವೆ. 1937ರಲ್ಲಿ ರಾವ್ ಅವರೇ ವಿವರಿಸಿದ್ದ ಒಂದು ಪೊದೆಗಪ್ಪೆ ಕೂಡ ಈಗ ಅವರ ಹೆಸರಿನ ಕುಲದಲ್ಲೇ ಕೂತಿದೆ.

ಮರ ಕೊಟ್ಟಿದ್ದಷ್ಟೇ ಅಲ್ಲ, ಕಿತ್ತುಕೊಂಡಿದ್ದೂ ಇದೆ. 1925ರಲ್ಲಿ ರಾವ್ ಮತ್ತು ರಾಮಣ್ಣ ಸೇರಿ 'ರಾಮನೆಲ್ಲಾ' ಅನ್ನೋ ಕುಲವನ್ನು ಮಾಡಿದ್ದರು. ಡಿಎನ್ಎ ನೋಡಿದಾಗ ಅದಕ್ಕೂ 'ಯೂಪೆರೊಡಾನ್' ಅನ್ನೋ ಇನ್ನೊಂದು ಕುಲಕ್ಕೂ ಸರಿಯಾದ ಗಡಿ ಎಳೆಯೋಕೆ ಆಗಲಿಲ್ಲ. ಹಾಗಾಗಿ ಹಳೆಯ ಹೆಸರಾದ ಯೂಪೆರೊಡಾನ್ ಉಳೀತು, ರಾಮನೆಲ್ಲಾದ ಕಪ್ಪೆಗಳೆಲ್ಲ ಅದರೊಳಗೆ ಹೋದವು.