ಕಾಣದ ಬೆಳಕನ್ನು ಕಂಡ ವಿಲಿಯಂ ಹರ್ಷೆಲ್

ಖಗೋಳಶಾಸ್ತ್ರದ ಚರಿತ್ರೆಯಲ್ಲಿ ಸರ್ ವಿಲಿಯಂ ಹರ್ಷೆಲನ ಹೆಸರು ಯುರೇನಸ್ ಗ್ರಹದೊಡನೆ ಬೆಸೆದುಕೊಂಡಿದೆ. ಆತನ ಇನ್ನೊಂದು ಶೋಧನೆಯನ್ನು ನೆನೆಯುವವರು ಕಡಮೆ. ಕಗ್ಗತ್ತಲೆಯಲ್ಲಿ ನಿಂತ ಮನುಷ್ಯನನ್ನು ಅವನ ಮೈಯ ಶಾಖದಿಂದಲೇ ಗುರುತಿಸಿ ತೋರಿಸುವ ಬಂದೂಕಿನ ಸ್ಕೋಪುಗಳು ಇಂದು ಬಂದಿವೆ. ಎನ್.ಸಿ.ಸಿ.ಯಲ್ಲಿ ರೈಫಲಿನ ಮುಂದಿನ ಮೊನೆಯನ್ನೂ ಹಿಂದಿನ ಕಿಂಡಿಯನ್ನೂ ಒಂದೇ ನೇರಕ್ಕೆ ತಂದು ಗುರಿಯಿಡಲು ಕಲಿತ ನನ್ನಂತಹವರಿಗೆ ಇದು ಮಾಟದಂತೆ ತೋರುವುದು ಸಹಜ. ಈ ಮಾಟದ ಬೇರನ್ನು ಹುಡುಕುತ್ತ ಹೋದರೆ, 1800ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸ್ಲೌ ಎಂಬ ಊರಿನ ಒಂದು ಮನೆಯಲ್ಲಿ, ಕೆಲವು ಉಷ್ಣಮಾಪಕಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದ ಅರುವತ್ತೊಂದು ವರ್ಷದ ಹರ್ಷೆಲನನ್ನು ಮುಟ್ಟುತ್ತೇವೆ.

ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ವಿಜ್ಞಾನಿಯೊಬ್ಬನ ಜೀವನ ಬರೆಯುವ ಅಧಿಕಾರವೆಲ್ಲಿಯದು ಎಂದು ಸಹಪಾಠಿಗಳು ಕೇಳಬಹುದು. ಹರ್ಷೆಲನೂ ವಿದ್ಯಾರ್ಥಿಯಾಗಿ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದವನಲ್ಲ. ಆತನ ವೃತ್ತಿ ಸಂಗೀತ. ಆ ಒಂದು ಕಾರಣದಿಂದಲೇ ನನಗೆ ಬರೆಯುವ ಧೈರ್ಯ ಬಂದಿದೆ.

ಹರ್ಷೆಲನು 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಹುಟ್ಟಿದನು. ತಂದೆ ಐಸಾಕ್ ಸೇನೆಯ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯವನ್ನು ನುಡಿಸುತ್ತಿದ್ದವನು. ಸಂಬಳ ಸ್ವಲ್ಪ, ಮಕ್ಕಳು ಬಹಳ. ಆದರೂ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಸಂಗೀತದ ಮಾತೂ ನಕ್ಷತ್ರಗಳ ಮಾತೂ ನಡೆಯುತ್ತಿದ್ದುವು. ಮಗನೂ ಬಾಲ್ಯದಲ್ಲಿಯೇ ಓಬೋ ಮತ್ತು ಪಿಟೀಲುಗಳನ್ನು ಕಲಿತು ತಂದೆಯ ವಾದ್ಯವೃಂದವನ್ನೇ ಸೇರಿದನು. 1757ರಲ್ಲಿ ಹೇಸ್ಟನ್‌ಬೆಕ್ ಎಂಬಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಹ್ಯಾನೋವರಿನ ಪಕ್ಷಕ್ಕೆ ಸೋಲಾಯಿತು. ಅದೇ ವರ್ಷ ಹತ್ತೊಂಬತ್ತರ ಯುವಕನು ಇಂಗ್ಲೆಂಡಿಗೆ ಹೊರಟುಹೋದನು. ಬಂದೂಕಿನ ಸದ್ದಿನಿಂದ ದೂರ ಸರಿದ ಈ ತರುಣನ ಶೋಧನೆಯೇ ಎರಡು ಶತಮಾನಗಳ ಬಳಿಕ ಬಂದೂಕಿನ ಮೇಲೆ ಬಂದು ಕುಳಿತದ್ದು ಚರಿತ್ರೆಯ ಒಂದು ವಿಚಿತ್ರ.

ಲಂಡನ್ನಿಗೆ ಬಂದ ಹೊಸತರಲ್ಲಿ ಬೇರೆಯವರ ಸಂಗೀತದ ಹಾಳೆಗಳನ್ನು ನಕಲು ಮಾಡಿಕೊಟ್ಟು ಆತನು ಹೊಟ್ಟೆ ಹೊರೆದನು. ಮುಂದೆ ಊರೂರು ತಿರುಗಿ ಪಾಠ ಹೇಳಿ, ವಾದ್ಯ ನುಡಿಸಿ, ಸಿಂಫನಿಗಳನ್ನು ರಚಿಸಿದನು. ಆತನು ರಚಿಸಿದ ಸಿಂಫನಿಗಳ ಸಂಖ್ಯೆ 24. 1766ರಲ್ಲಿ ಬಾತ್ ನಗರದ ಆಕ್ಟಗನ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿ ಜೀವನಕ್ಕೊಂದು ನೆಲೆಯಾಯಿತು. ಸಂಗೀತದ ಸ್ವರಶಾಸ್ತ್ರವನ್ನು ತಿಳಿಯಲು ರಾಬರ್ಟ್ ಸ್ಮಿತ್ ಎಂಬ ವಿದ್ವಾಂಸನ ಗ್ರಂಥವನ್ನು ಓದಿದನು. ಅದೇ ವಿದ್ವಾಂಸನು ಬರೆದ ದೃಗ್ವಿಜ್ಞಾನದ ಗ್ರಂಥ ಆಮೇಲೆ ಕೈಗೆ ಬಂತು. ಅಲ್ಲಿಂದ ಮನಸ್ಸು ಆಕಾಶಕ್ಕೆ ಹಾರಿತು. ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣವಿರಲಿಲ್ಲವಾದುದರಿಂದ 1773ರಲ್ಲಿ ತಾನೇ ಕನ್ನಡಿಗಳನ್ನು ತಯಾರಿಸಲು ತೊಡಗಿದನು.

ಆ ಕಾಲದ ದೂರದರ್ಶಕದ ಕನ್ನಡಿ ಗಾಜಿನದಲ್ಲ; ತಾಮ್ರ ಮತ್ತು ತವರಗಳನ್ನು ಕೂಡಿಸಿ ಎರಕ ಹೊಯ್ದ ಲೋಹದ್ದು. ಅದನ್ನು ಉಜ್ಜಿ ಉಜ್ಜಿ ಸರಿಯಾದ ಬಾಗಿಗೆ ತರಬೇಕು. ಒಮ್ಮೆ ಹದಿನಾರು ಗಂಟೆಗಳ ಕಾಲ ಕನ್ನಡಿಯಿಂದ ಕೈ ತೆಗೆಯದೆ ಆತನು ಉಜ್ಜಿದನೆಂದೂ, ತಂಗಿ ಕ್ಯಾರೊಲಿನ್ ಅಷ್ಟು ಹೊತ್ತೂ ಬಾಯಿಗೆ ತುತ್ತಿಡುತ್ತಿದ್ದಳೆಂದೂ ತಿಳಿದುಬರುತ್ತದೆ. 1781ರಲ್ಲಿ ದೊಡ್ಡ ಕನ್ನಡಿಯೊಂದನ್ನು ಎರಕ ಹೊಯ್ಯುವಾಗ ಕಾದ ಲೋಹ ಒಲೆಯಿಂದ ಸೋರಿ ನೆಲದ ಮೇಲೆ ಹರಿದು, ಹಾಸುಗಲ್ಲುಗಳು ಸಿಡಿದು, ಎಲ್ಲರೂ ಹೊರಗೆ ಓಡಬೇಕಾಯಿತು.

ಈ ಕ್ಯಾರೊಲಿನಳ ವಿಷಯವನ್ನು ಹೇಳದೆ ಹರ್ಷೆಲನ ಜೀವನವನ್ನು ಬರೆಯಲಾಗದು. ಹತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಅವಳ ಬೆಳವಣಿಗೆ ಕುಂಠಿತವಾಯಿತು. ಎತ್ತರ ನಾಲ್ಕಡಿಯ ಮೇಲೆ ಸ್ವಲ್ಪವೇ ಏರಿತು. ಮನೆಗೆಲಸಕ್ಕೆ ಇರಲೆಂದು ತಾಯಿ ಅವಳನ್ನು ಓದಿಗೆ ಬಿಡಲಿಲ್ಲ. 1772ರಲ್ಲಿ ಅಣ್ಣನು ಬಂದು, ಅವಳ ಬದಲು ಆಳನ್ನಿಡಲು ತಾಯಿಗೆ ಹಣದ ಏರ್ಪಾಡು ಮಾಡಿ, ಅವಳನ್ನು ಬಾತ್‌ಗೆ ಕರೆದುಕೊಂಡು ಹೋದನು. ಅಣ್ಣನಿಂದ ಅವಳು ಹಾಡು, ಇಂಗ್ಲಿಷ್, ಗಣಿತಗಳನ್ನು ಕಲಿತಳು. ಆತನು ರಾತ್ರಿ ದೂರದರ್ಶಕದಲ್ಲಿ ಕಂಡುದನ್ನು ಬರೆದುಕೊಂಡು ಮರುದಿನ ಲೆಕ್ಕ ಹಾಕುವ ಕೆಲಸ ಅವಳದಾಯಿತು. ತಾನೇ ಎಂಟು ಧೂಮಕೇತುಗಳನ್ನು ಕಂಡುಹಿಡಿದಳು. 1787ರಿಂದ ವರ್ಷಕ್ಕೆ 50 ಪೌಂಡುಗಳ ಸಂಬಳ ಅವಳಿಗೆ ರಾಜನಿಂದ ದೊರೆಯಿತು. 1828ರಲ್ಲಿ ಖಗೋಳ ಸಂಘದ ಚಿನ್ನದ ಪದಕ ಬಂತು. ನಮ್ಮ ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟು ಗಾರ್ಮೆಂಟ್ಸ್ ಕೆಲಸಕ್ಕೆ ಹೋದುದರಿಂದ ನಾನು ಈ ಕಾಲೇಜಿಗೆ ಬರುವಂತಾಯಿತು. ನನಗಿಂತ ಚುರುಕಾಗಿ ಲೆಕ್ಕ ಮಾಡುವವಳು ಅವಳು. ಆದುದರಿಂದ ಕ್ಯಾರೊಲಿನಳ ಕಥೆಯನ್ನು ಅಡಿಟಿಪ್ಪಣಿಯಂತೆ ಓದಿ ಮುಂದೆ ಹೋಗಲು ನನ್ನಿಂದಾಗಲಿಲ್ಲ.

1781ರ ಮಾರ್ಚ್ 13ರ ರಾತ್ರಿ ಬಾತ್‌ನ ಮನೆಯ ಹಿತ್ತಿಲಿನಲ್ಲಿ, ಏಳಡಿಯ ಸ್ವಂತ ದೂರದರ್ಶಕದಲ್ಲಿ, ಹರ್ಷೆಲನಿಗೆ ನಕ್ಷತ್ರದಂತೆ ಚುಕ್ಕೆಯಾಗಿರದೆ ಪುಟ್ಟ ಬಿಲ್ಲೆಯಂತಿದ್ದ ಕಾಯವೊಂದು ಕಂಡಿತು. ಧೂಮಕೇತುವೆಂದು ಆತನು ಮೊದಲು ತಿಳಿದನು. ಬೇರೆ ಖಗೋಳಜ್ಞರು ಅದರ ದಾರಿಯನ್ನು ಲೆಕ್ಕ ಹಾಕಿದಾಗ ಅದು ಶನಿಗಿಂತಲೂ ಇಮ್ಮಡಿ ದೂರದಲ್ಲಿರುವ ಗ್ರಹವೆಂದು ಗೊತ್ತಾಯಿತು. ಅದಕ್ಕೆ ಮುಂಚೆ ಅದನ್ನು ಕಂಡವರಿದ್ದರು. 1690ರಲ್ಲಿಯೇ ಫ್ಲಾಮ್‌ಸ್ಟೀಡ್ ಎಂಬಾತನು ಅದನ್ನು ನಕ್ಷತ್ರವೆಂದು ಪಟ್ಟಿಗೆ ಸೇರಿಸಿದ್ದನು. ಕಂಡರೂ ಗುರುತಿಸದೆ ಹೋದರು. ಹರ್ಷೆಲನ ಕೈಯಿಂದಾದ ಕನ್ನಡಿಯೂ ಪಳಗಿದ ಕಣ್ಣೂ ಕೂಡಿ ಆ ವ್ಯತ್ಯಾಸವನ್ನು ಹಿಡಿದುವು. ಮೂರನೆಯ ಜಾರ್ಜ್ ದೊರೆಯು 1782ರಲ್ಲಿ ಆತನಿಗೆ ವರ್ಷಕ್ಕೆ 200 ಪೌಂಡುಗಳ ಸಂಬಳ ಗೊತ್ತು ಮಾಡಿದನು. ನಲವತ್ತಮೂರರ ವಯಸ್ಸಿನಲ್ಲಿ ಸಂಗೀತದ ಉಪಾಧ್ಯಾಯನು ಪೂರ್ಣಾವಧಿಯ ಖಗೋಳಜ್ಞನಾದನು. ದೊರೆ ಕೊಟ್ಟ 4,000 ಪೌಂಡುಗಳ ನೆರವಿನಿಂದ ನಲವತ್ತಡಿ ಉದ್ದದ ಮಹಾ ದೂರದರ್ಶಕವು 1789ರಲ್ಲಿ ಸಿದ್ಧವಾಯಿತು. ಸುಮಾರು 2,500 ನೀಹಾರಿಕೆ ಮತ್ತು ತಾರಾಗುಚ್ಛಗಳ ಪಟ್ಟಿಯನ್ನು ಅಣ್ಣತಂಗಿಯರು ತಯಾರಿಸಿದರು.

ಈಗ 1800ನೆಯ ಇಸವಿಗೆ ಬರೋಣ. ಹರ್ಷೆಲನು ಸೂರ್ಯನನ್ನು ನೋಡಲು ದೂರದರ್ಶಕಕ್ಕೆ ಬಣ್ಣದ ಕಪ್ಪು ಗಾಜುಗಳನ್ನು ಅಳವಡಿಸುತ್ತಿದ್ದನು. ಕೆಲವು ಗಾಜುಗಳಲ್ಲಿ ಬೆಳಕು ಕಡಮೆಯಿದ್ದರೂ ಕಣ್ಣಿಗೆ ಬಿಸಿ ತಟ್ಟುತ್ತಿತ್ತು. ಬೇರೆ ಕೆಲವುಗಳಲ್ಲಿ ಬೆಳಕು ಹೆಚ್ಚಿದ್ದರೂ ಬಿಸಿ ತೋರದು. ಬೇರೊಬ್ಬನಾಗಿದ್ದರೆ ಗಾಜನ್ನು ಬದಲಿಸಿ ಸುಮ್ಮನಾಗುತ್ತಿದ್ದನೇನೋ. ಆತನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಮೇಜಿನ ಮೇಲೆ ಬಿದ್ದ ಬಣ್ಣಗಳಲ್ಲಿ ಒಂದೊಂದರೊಳಗೂ ಬುರುಡೆಗೆ ಕಪ್ಪು ಬಳಿದ ಉಷ್ಣಮಾಪಕವನ್ನಿಟ್ಟನು. ಹೋಲಿಕೆಗೆಂದು ಬೇರೆ ಉಷ್ಣಮಾಪಕಗಳನ್ನು ಪಕ್ಕದ ನೆರಳಿನಲ್ಲಿಟ್ಟನು. ನೇರಳೆಯಲ್ಲಿ ಶಾಖ ಸುಮಾರು 2 ಡಿಗ್ರಿ, ಹಸುರಿನಲ್ಲಿ 3 ಡಿಗ್ರಿಗೆ ಮಿಕ್ಕಿ, ಕೆಂಪಿನಲ್ಲಿ 7 ಡಿಗ್ರಿಯ ಹತ್ತಿರ, ಹೀಗೆ ಫ್ಯಾರನ್‌ಹೀಟ್ ಅಳತೆಯಲ್ಲಿ ಏರಿತು. ಬಳಿಕ ಕೆಂಪಿನ ಅಂಚನ್ನು ದಾಟಿ, ಕಣ್ಣಿಗೆ ಏನೂ ಬೆಳಕಿಲ್ಲದ ಕಡೆಗೆ ಉಷ್ಣಮಾಪಕವನ್ನು ಸರಿಸಿದನು. ಪಾದರಸ ಇನ್ನೂ ಮೇಲಕ್ಕೆ ಏರಿತು! ಕಣ್ಣಿಗೆ ಕಾಣದ ಬೆಳಕೊಂದು ಉಂಟೆಂಬುದು ಮಾನವನಿಗೆ ಮೊದಲ ಬಾರಿ ತಿಳಿಯಿತು. ಇಂದು ನಾವು ಅವಕೆಂಪು ಕಿರಣಗಳೆನ್ನುವುದು ಇವನ್ನೇ.

ಈ ಕಿರಣಗಳು ಪ್ರತಿಫಲಿಸುತ್ತವೆ, ಬಾಗುತ್ತವೆ, ಬೆಂಕಿಯಿಂದಲೂ ಮೋಂಬತ್ತಿಯಿಂದಲೂ ಬರುತ್ತವೆ ಎಂದು ಆತನು ತೋರಿಸಿದನು. ಆದರೆ ಅದೇ ವರ್ಷದ ಕೊನೆಗೆ, ಬೆಳಕು ಬೇರೆ, ಶಾಖದ ಕಿರಣ ಬೇರೆ ಎಂಬ ತಪ್ಪು ನಿರ್ಣಯಕ್ಕೆ ಬಂದನು. ಮಹಾಪುರುಷರ ಜೀವನ ಬರೆಯುವವರು ಇಂತಹುದನ್ನು ಮುಚ್ಚಿಡುವುದುಂಟು. ಬಾಗಿಲನ್ನು ತೆರೆದವನೇ ಒಳಗಿನ ಕೋಣೆಯನ್ನೆಲ್ಲ ಕಾಣಬೇಕೆಂಬ ನಿಯಮವಿಲ್ಲವಾದುದರಿಂದ ಮುಚ್ಚಿಡುವ ಅಗತ್ಯ ನನಗೆ ಕಾಣಲಿಲ್ಲ.

ಉಳಿದ ಕೋಣೆಗಳನ್ನು ಬೇರೆಯವರು ಕಂಡರು. 1830ರ ದಶಕದಲ್ಲಿ ಇಟಲಿಯ ಮೆಲೋನಿಯು, ಗಾಜು ತಡೆಯುವ ಶಾಖಕಿರಣಗಳನ್ನು ಕಲ್ಲುಪ್ಪಿನ ಹರಳು ಒಳಗೆ ಬಿಡುತ್ತದೆಂದು ತೋರಿಸಿದನು. 1840ರಲ್ಲಿ ಹರ್ಷೆಲನ ಮಗ ಜಾನ್, ಮಸಿ ಬಳಿದು ಮದ್ಯಸಾರದಲ್ಲಿ ನೆನೆಸಿದ ಕಾಗದದ ಮೇಲೆ ಶಾಖದ ಚಿತ್ರವನ್ನು ಮೂಡಿಸಿದನು. 1880ರ ಸುಮಾರಿಗೆ ಅಮೆರಿಕದ ಲ್ಯಾಂಗ್ಲಿಯು ಬೋಲೋಮೀಟರ್ ಎಂಬ ಉಪಕರಣವನ್ನು ನಿರ್ಮಿಸಿದನು: ತೆಳುವಾದ ಲೋಹದ ಪಟ್ಟಿಗೆ ಶಾಖ ತಗುಲಿದರೆ ಅದರಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಬದಲಾಗುತ್ತದೆ, ಆ ಬದಲಾವಣೆಯನ್ನು ಅಳೆದರೆ ಶಾಖ ತಿಳಿಯುತ್ತದೆ.

ಇಂದಿನ ಸ್ಕೋಪಿನ ಹೃದಯದಲ್ಲಿರುವುದು ಈ ತತ್ತ್ವವೇ. ಎರಡನೆಯ ಮಹಾಯುದ್ಧದ ಕೊನೆಯ ವರ್ಷವಾದ 1945ರಲ್ಲಿ ಜರ್ಮನರೂ ಅಮೆರಿಕನರೂ ಬಳಸಿದ ರಾತ್ರಿಯ ಸ್ಕೋಪುಗಳು ತಾವೇ ಅವಕೆಂಪು ದೀಪವನ್ನು ಬೀರಿ ನೋಡುವಂತಹವು. ಈಗಿನವು ದೀಪವಿಲ್ಲದೆ, ಎದುರಿನ ಮೈ ಬೀರುವ ಶಾಖವನ್ನೇ ನೋಡುತ್ತವೆ. ಬೆರಳುಗುರಿನಷ್ಟು ಅಗಲದ ಫಲಕದ ಮೇಲೆ ಲಕ್ಷಾಂತರ ಸೂಕ್ಷ್ಮ ಬೋಲೋಮೀಟರುಗಳು. 640ಕ್ಕೆ 480ರ ಸಾಲಾದರೆ 3,07,200. ಒಂದೊಂದು ಕಣವೂ ಒಂದು ಮಿಲಿಮೀಟರಿನ ಸಾವಿರದಲ್ಲಿ ಹನ್ನೆರಡು ಭಾಗದಷ್ಟು ಸಣ್ಣದು. ಇವುಗಳ ಮಸೂರ ಗಾಜಿನದಾದರೆ ಮೆಲೋನಿಯು ಕಂಡಂತೆ ಶಾಖಕಿರಣ ಒಳಬಾರದು. ಆದುದರಿಂದ ಜರ್ಮೇನಿಯಂ ಧಾತುವಿನ ಮಸೂರವನ್ನು ಹಾಕುತ್ತಾರೆ. ಇದರ ಮೇಲೆ ಲೇಸರ್ ಕಿರಣದಿಂದ ದೂರವನ್ನು ಅಳೆಯುವ ಸಾಧನವೂ, ಗಾಳಿಯ ಒತ್ತಡ, ಉಷ್ಣತೆ, ಇಳಿಜಾರುಗಳನ್ನು ಲೆಕ್ಕ ಹಾಕಿ ಎಲ್ಲಿಗೆ ಗುರಿಯಿಡಬೇಕೆಂದು ಚುಕ್ಕೆಯಿಟ್ಟು ತೋರಿಸುವ ಗಣಕವೂ ಸೇರಿ ಸ್ಮಾರ್ಟ್ ಸ್ಕೋಪುಗಳಾಗಿವೆ. ಹಗಲಿನಲ್ಲಿ ನೋಡುವ ಇಂತಹ ಗಣಕದ ಸ್ಕೋಪುಗಳಿಗಾಗಿ ಅಮೆರಿಕದ ಸೇನೆಯು 2022ರ ಜನವರಿಯಲ್ಲಿ ಗರಿಷ್ಠ 2,50,000ದ ಒಪ್ಪಂದವನ್ನು ಮಾಡಿಕೊಂಡಿತು.

ಇಷ್ಟಾದರೂ ಈ ಯಂತ್ರಕ್ಕೆ ಮಿತಿಯುಂಟು. ಕಿಟಕಿಯ ಗಾಜಿನ ಹಿಂದೆ ನಿಂತವನು ಅದಕ್ಕೆ ಕಾಣನು. ನಮ್ಮ ಬೇಸಗೆಯ ಮಧ್ಯಾಹ್ನ ನೆಲವೂ ಬಂಡೆಯೂ ಮೈಯಷ್ಟೇ ಕಾದಾಗ ಮನುಷ್ಯನನ್ನು ಬೇರೆಮಾಡಿ ತೋರಿಸುವುದು ಅದಕ್ಕೆ ಕಷ್ಟ. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ, ಅಲ್ಲೊಂದು ಬಿಸಿಯಾದ ಆಕಾರವಿದೆ ಎಂದು ಅದು ಹೇಳುತ್ತದೆ. ಆ ಆಕಾರವು ವೈರಿಯೋ, ಹೊಲಕ್ಕೆ ನೀರು ಹಾಯಿಸಲು ರಾತ್ರಿ ಹೊರಟ ರೈತನೋ ಎಂಬುದನ್ನು ತೀರ್ಮಾನಿಸಬೇಕಾದವನು ಬಂದೂಕು ಹಿಡಿದವನೇ. ದೂರ, ಗಾಳಿ, ಇಳಿಜಾರುಗಳ ಲೆಕ್ಕವನ್ನು ಗಣಕಕ್ಕೆ ಒಪ್ಪಿಸಬಹುದು. ಈ ಲೆಕ್ಕವನ್ನು ಒಪ್ಪಿಸಕೂಡದು ಎಂಬುದು ನನ್ನ ಅಭಿಪ್ರಾಯ. ಇದೇ ಶಾಖದ ಕಣ್ಣನ್ನು ಡ್ರೋನುಗಳಿಗೆ ಕಟ್ಟಿ ಊರಿಗೆ ಬಂದ ಆನೆ ಚಿರತೆಗಳನ್ನು ಅರಣ್ಯ ಇಲಾಖೆಯವರು ಹುಡುಕುವುದೂ ಉಂಟು. ಹೊಗೆಯೊಳಗೆ ಸಿಕ್ಕಿಬಿದ್ದವರನ್ನು ಅಗ್ನಿಶಾಮಕ ದಳದವರು ಹುಡುಕುವುದೂ ಉಂಟು. ಕಣ್ಣು ಒಂದೇ, ಅದರ ಹಿಂದಿರುವ ಮನಸ್ಸು ಬೇರೆ ಬೇರೆ.

ಹರ್ಷೆಲನ ಮನೆತನಕ್ಕೂ ನಮ್ಮ ದೇಶಕ್ಕೂ ನಂಟಿದೆ. ಆತನ ಮೊಮ್ಮಗ ವಿಲಿಯಂ ಜೇಮ್ಸ್ ಹರ್ಷೆಲನು ಬಂಗಾಳದಲ್ಲಿ ಅಧಿಕಾರಿಯಾಗಿದ್ದು, 1858ರಲ್ಲಿ ಜಂಗೀಪುರದಲ್ಲಿ ಕರಾರುಪತ್ರಕ್ಕೆ ಗುತ್ತಿಗೆದಾರನ ಅಂಗೈಯ ಗುರುತನ್ನು ಒತ್ತಿಸಿಕೊಂಡು, ಮುಂದೆ ಬೆರಳಚ್ಚನ್ನು ಆಡಳಿತದ ಬಳಕೆಗೆ ತಂದನು. ನಮ್ಮ ತಂದೆಯವರು ಇಂದಿಗೂ ಕಾಗದಪತ್ರಗಳಿಗೆ ಹೆಬ್ಬೆಟ್ಟನ್ನೇ ಒತ್ತುತ್ತಾರೆ. ಇನ್ನು ಅಜ್ಜನು ಕಂಡ ಯುರೇನಸ್ಸಿನ ವಿಷಯ: 1977ರ ಮಾರ್ಚ್ 10ರಂದು ಅದು ನಕ್ಷತ್ರವೊಂದನ್ನು ಮರೆಮಾಡುವ ಹೊತ್ತಿನಲ್ಲಿ ಅದರ ಸುತ್ತಲಿನ ಉಂಗುರಗಳು ಬೆಳಕಿಗೆ ಬಂದುವು. ಆ ಘಟನೆಯನ್ನು ವೀಕ್ಷಿಸಿದ ನೆಲೆಗಳಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆಯವರ ಕಾವಲೂರಿನ ವೀಕ್ಷಣಾಲಯವೂ ಒಂದು.

1816ರಲ್ಲಿ ಸರ್ ಪದವಿಯನ್ನು ಪಡೆದ ಹರ್ಷೆಲನು 1822ರ ಆಗಸ್ಟ್ 25ರಂದು ಸ್ಲೌನಲ್ಲಿ ತೀರಿಕೊಂಡನು. ಆತನ ಗ್ರಹ ಸೂರ್ಯನನ್ನು ಒಮ್ಮೆ ಸುತ್ತಲು 84 ವರ್ಷ ಬೇಕು. ಆತನ ಆಯುಸ್ಸು ಅದಕ್ಕೆ ಕೆಲವು ತಿಂಗಳಷ್ಟೇ ಕಡಮೆ. ಕ್ಯಾರೊಲಿನ್ ಹ್ಯಾನೋವರಿಗೆ ಹಿಂದಿರುಗಿ, ಅಣ್ಣನ ನೀಹಾರಿಕೆಗಳ ಪಟ್ಟಿಯನ್ನು ಮತ್ತೆ ಕ್ರಮಪಡಿಸಿ ಅಳಿಯನಂತಿದ್ದ ಅಣ್ಣನ ಮಗ ಜಾನನ ಉಪಯೋಗಕ್ಕೆ ಕಳುಹಿಸಿಕೊಟ್ಟು, 1848ರವರೆಗೆ, ತೊಂಬತ್ತೇಳು ವರ್ಷ ಬಾಳಿದಳು. 2009ರಲ್ಲಿ ಯೂರೋಪಿನವರು ಅಂತರಿಕ್ಷಕ್ಕೆ ಹಾರಿಸಿದ, 2013ರವರೆಗೆ ಕೆಲಸ ಮಾಡಿದ ಅವಕೆಂಪು ದೂರದರ್ಶಕಕ್ಕೆ ಹರ್ಷೆಲನ ಹೆಸರನ್ನೇ ಇಟ್ಟಿದ್ದರು. ಹುಟ್ಟುತ್ತಿರುವ ನಕ್ಷತ್ರಗಳ ತಣ್ಣನೆಯ ದೂಳಿನ ಮೋಡಗಳನ್ನು ಅದು ನೋಡಿತು. ಬಂದೂಕಿನ ಸ್ಕೋಪೂ ಆ ದೂರದರ್ಶಕವೂ ಒಂದೇ ಮೇಜಿನ ಮೇಲಿನ ಉಷ್ಣಮಾಪಕದಿಂದ ಹುಟ್ಟಿದವು. ಎರಡರಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಹರ್ಷೆಲನು ನಮಗೆ ಹೇಳಿಹೋಗಿಲ್ಲ. ಅದು ನಮ್ಮ ತಲೆಮಾರಿನ ಪಾಲಿಗೆ ಬಿಟ್ಟ ಕೆಲಸ.