ಮಾತಿಗೆ ತಪ್ಪದ ಮಲ್ಲ

ಕುಸ್ತಿಯ ಕಣದಲ್ಲಿ ಎದುರಾಳಿಯನ್ನು ಕೆಡವಿದವನ ಹೆಸರು ಬೇಗನೆ ಊರೂರಿಗೆ ಹಬ್ಬುತ್ತದೆ. ಆದರೆ ಆ ಕಣವನ್ನು ಸಿದ್ಧಗೊಳಿಸಿ, ಜಟ್ಟಿಗಳನ್ನು ಒಂದುಗೂಡಿಸಿ, ಅವರ ಜೀವನೋಪಾಯಕ್ಕೆ ಹೊಣೆಯಾದವನನ್ನು ನೆನೆಯುವವರು ವಿರಳ. ಈ ಎರಡು ಹೊಣೆಗಳನ್ನೂ ಹೊತ್ತು ಬಾಳಿದವನು ಜಪಾನಿನ ಶೋಹೆಯಿ ಬಾಬಾ. ಜನರು ಅವನನ್ನು ಜಯಂಟ್ ಬಾಬಾ, ಎಂದರೆ ದೈತ್ಯ ಬಾಬಾ ಎಂದು ಕರೆದರು.

ಬಾಬಾ 1938ರ ಜನವರಿ 23ರಂದು ನೀಗಾತ ಪ್ರಾಂತದ ಸಾಂಜೋ ಎಂಬ ಊರಿನಲ್ಲಿ ಜನಿಸಿದನು. ಮನೆಯವರದು ಹಣ್ಣು ತರಕಾರಿಗಳ ವ್ಯಾಪಾರ. ಬಾಲ್ಯದಲ್ಲಿಯೇ ಅವನ ದೇಹ ಮಿತಿಮೀರಿ ಬೆಳೆಯತೊಡಗಿತು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ದೋಷವೇ ಅದಕ್ಕೆ ಕಾರಣ. ಅವನ ಎತ್ತರ ಎರಡು ಮೀಟರುಗಳನ್ನೂ ಮೀರಿತು. ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವ ಅವನ ಸಾಮರ್ಥ್ಯವನ್ನು ಕಂಡು, ಯೋಮಿಯೂರಿ ಜಯಂಟ್ಸ್ ಎಂಬ ಹೆಸರಾಂತ ತಂಡ 1955ರಲ್ಲಿ ಅವನನ್ನು ಸೇರಿಸಿಕೊಂಡಿತು. ಅವನು ಶಾಲೆಯನ್ನು ಬಿಟ್ಟು ಟೋಕಿಯೋ ನಗರಕ್ಕೆ ಹೊರಟನು.

ವಿಧಿ ಅವನಿಗೆ ಅನುಕೂಲವಾಗಿರಲಿಲ್ಲ. ಮರುವರ್ಷವೇ ಕಣ್ಣು ಮಂಜಾಗತೊಡಗಿತು. ಶಸ್ತ್ರಚಿಕಿತ್ಸೆಯಿಂದ ದೃಷ್ಟಿಯೇನೋ ಉಳಿಯಿತು. ಆದರೆ 1959ರಲ್ಲಿ ತಂಡ ಅವನನ್ನು ಕೈಬಿಟ್ಟಿತು. ಬೇರೊಂದು ತಂಡವನ್ನು ಸೇರುವ ಆಸೆಯಿಂದ ಅಭ್ಯಾಸ ಮಾಡುತ್ತಿದ್ದಾಗ, ಸ್ನಾನದ ಮನೆಯಲ್ಲಿ ಬಿದ್ದು ಗಾಜು ತಗುಲಿ ಎಡಗೈಗೆ ಆಳವಾದ ಗಾಯವಾಯಿತು. ಇಪ್ಪತ್ತೆರಡನೆಯ ವಯಸ್ಸಿಗೆ ಅವನ ಆಟದ ಬಾಳು ಮುಗಿದಂತಾಯಿತು.

ಆಗ ಅವನು ರಿಕಿದೋಜಾನ್ ಎಂಬ ಪ್ರಸಿದ್ಧ ಮಲ್ಲನ ಗರಡಿಯ ಬಾಗಿಲಿಗೆ ಬಂದನು. ಯುದ್ಧದಲ್ಲಿ ಸೋತು ಕುಗ್ಗಿದ್ದ ಜಪಾನೀಯರು, ರಿಕಿದೋಜಾನ್ ಪರದೇಶದ ಮಲ್ಲರನ್ನು ಕೆಡಹುವುದನ್ನು ಬೀದಿಬೀದಿಯ ದೂರದರ್ಶನ ಪೆಟ್ಟಿಗೆಗಳ ಮುಂದೆ ನೆರೆದು ನೋಡುತ್ತಿದ್ದ ಕಾಲವದು. ಈ ವೃತ್ತಿ ಕುಸ್ತಿಯಲ್ಲಿ ಸೋಲು ಗೆಲುವುಗಳು ಮೊದಲೇ ನಿಶ್ಚಿತವಾಗಿರುತ್ತವೆ. ಆದರೆ ಬೀಳುವ ಪೆಟ್ಟೂ ಅದಕ್ಕೆ ಬೇಕಾದ ಸಾಧನೆಯೂ ನಿಜವಾದವುಗಳೇ. ಬಾಬಾನೊಡನೆ ಅದೇ ವರ್ಷ ಆಂಟೋನಿಯೋ ಇನೋಕಿ ಎಂಬ ತರುಣನೂ ಶಿಷ್ಯನಾದನು. ಬ್ರೆಜಿಲಿಗೆ ವಲಸೆ ಹೋಗಿ ಕಾಫಿ ತೋಟದಲ್ಲಿ ದುಡಿದಿದ್ದ ಹುಡುಗ ಅವನು. 1960ರ ಸೆಪ್ಟೆಂಬರ್ 30ರಂದು ಇಬ್ಬರೂ ಮೊದಲ ಬಾರಿಗೆ ಕಣಕ್ಕಿಳಿದರು.

1963ರ ಡಿಸೆಂಬರಿನಲ್ಲಿ ಗುರು ಇರಿತಕ್ಕೊಳಗಾಗಿ ಮೃತನಾದನು. ಶಿಷ್ಯರಿಬ್ಬರೂ ಕೆಲಕಾಲ ಜೊತೆಯಾಗಿ ಹೋರಾಡಿ ಕೀರ್ತಿ ಗಳಿಸಿದರು. ಬಳಿಕ ಮನಸ್ತಾಪ ಬೆಳೆಯಿತು. 1972ರಲ್ಲಿ ಇನೋಕಿ ನ್ಯೂ ಜಪಾನ್ ಎಂಬ ಕುಸ್ತಿ ಮಂಡಳಿಯನ್ನೂ, ಅದೇ ವರ್ಷದ ಅಕ್ಟೋಬರಿನಲ್ಲಿ ಬಾಬಾ ಆಲ್ ಜಪಾನ್ ಎಂಬ ಮಂಡಳಿಯನ್ನೂ ಆರಂಭಿಸಿದರು.

ಇವರಲ್ಲಿ ಹಿರಿಯರಾರು ಎಂಬ ಚರ್ಚೆ ಜಪಾನಿನಲ್ಲಿ ಬಹುಕಾಲ ನಡೆಯಿತು. ಇನೋಕಿ ಸಾಹಸಪ್ರಿಯ. 1976ರಲ್ಲಿ ಮುಷ್ಟಿಯುದ್ಧದ ವಿಶ್ವವಿಜೇತ ಮಹಮ್ಮದ್ ಅಲಿಯೊಡನೆ ಹದಿನೈದು ಸುತ್ತು ಸೆಣಸಿ ಸಮನಾದನು. ಆ ಪಂದ್ಯ ನೋಡುಗರಿಗೆ ಬೇಸರ ತಂದಿತು, ಮಂಡಳಿಗೆ ಸಾಲ ತಂದಿತು; ಆದರೂ ಅವನ ಹೆಸರನ್ನು ಲೋಕಕ್ಕೆಲ್ಲ ತಿಳಿಸಿತು. ಅದೇ ವರ್ಷ ಕರಾಚಿಯಲ್ಲಿ, ಮಹಾಮಲ್ಲ ಗಾಮನ ತಮ್ಮನ ಮಗನಾದ ಅಕ್ರಮನೊಡನೆ ಹೋರಾಡಿದನು. 1989ರಲ್ಲಿ ಸಂಸತ್ ಸದಸ್ಯನೂ ಆದನು.

ಬಾಬಾನ ದಾರಿ ಬೇರೆ. ಅವನದು ಮಿತಭಾಷಣ, ನಿಧಾನವಾದ ನಡೆ. ವಿದೇಶದ ಮಲ್ಲರನ್ನು ಕರೆಸಿದಾಗ ಅವನು ಬಾಯಲ್ಲಿ ಆಡಿದ ಮಾತೇ ಕರಾರುಪತ್ರ. ಒಪ್ಪಿದ ಹಣವನ್ನು ತಪ್ಪದೆ ಸಲ್ಲಿಸುತ್ತಿದ್ದನು. ಆದಕಾರಣ ಸಾಗರದಾಚೆಯ ಜಟ್ಟಿಗಳೂ ಅವನನ್ನು ನಂಬಿ ಬಂದರು. 1974ರಲ್ಲಿ ಅಮೆರಿಕದ ರಾಷ್ಟ್ರೀಯ ಕುಸ್ತಿ ಒಕ್ಕೂಟದ ವಿಶ್ವವಿಜೇತ ಪದವಿ ಅವನಿಗೆ ಸಂದಿತು. ಆ ಪದವಿಯನ್ನು ಪಡೆದ ಮೊದಲ ಜಪಾನೀಯ ಅವನೇ.

ಅರುವತ್ತು ತುಂಬಿದ ಮೇಲೂ ಅವನು ಕಣಕ್ಕಿಳಿಯುತ್ತಿದ್ದನು. 1998ರ ಡಿಸೆಂಬರಿನಲ್ಲಿ ಕೊನೆಯ ಪಂದ್ಯವಾಡಿ, 1999ರ ಜನವರಿ 31ರಂದು ಕ್ಯಾನ್ಸರಿನಿಂದ ತೀರಿಕೊಂಡನು. ಮರುವರ್ಷವೇ ಅವನ ಮಂಡಳಿಯ ಹೆಚ್ಚಿನ ಮಲ್ಲರು ಹೊರನಡೆದರು. ಒಬ್ಬನ ಮಾತಿನ ಮೇಲೆ ನಿಂತ ಮನೆಗೆ ಅವನ ಅನಂತರ ಆಧಾರ ಸಾಲದಾಯಿತು. ಇದು ಅವನ ಕೊರತೆಯೆಂದು ಒಪ್ಪಲೇಬೇಕು. ಆದರೂ ಮಂಡಳಿ ಅಳಿಯಲಿಲ್ಲ. 2022ರಲ್ಲಿ ಇನೋಕಿಯೂ ಗತಿಸಿದನು. ಇಬ್ಬರೂ ಕಟ್ಟಿದ ಮಂಡಳಿಗಳು ಇಂದಿಗೂ ಉಳಿದಿವೆ.

ಇನೋಕಿ ಕುಸ್ತಿಯ ಎಲ್ಲೆಯನ್ನು ವಿಸ್ತರಿಸಿದನು. ಬಾಬಾ ಅದನ್ನು ನಂಬಿದವರ ಅನ್ನವನ್ನು ಕಾಪಾಡಿದನು. ಒಬ್ಬನ ಪೈಪೋಟಿ ಇನ್ನೊಬ್ಬನನ್ನು ಎಚ್ಚರದಲ್ಲಿರಿಸಿತು. ಸಾಹಸಕ್ಕೆ ಚಪ್ಪಾಳೆ ಒಡನೆಯೇ ದೊರೆಯುತ್ತದೆ. ಮಾತಿಗೆ ತಪ್ಪದ ಬಾಳಿನ ಬೆಲೆ ತಿಳಿಯಲು ಕಾಲ ಬೇಕು. ಹಿರಿಮೆಯನ್ನು ಅಳೆಯುವಾಗ ನಾವು ಈ ಎರಡನ್ನೂ ತೂಗಿ ನೋಡಬೇಕು.