ನಾಲ್ಕುನಾಡು ಅರಮನೆಯ ಅರಸ

ದೆವ್ವದ ಮನೆಯ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಗೆಳೆಯರು ನಡುರಾತ್ರಿಯ ಗೆಜ್ಜೆಸದ್ದನ್ನೋ ಹುಣಿಸೆಮರವನ್ನೋ ಸೂಚಿಸುತ್ತಾರೆ. ನನಗಾದರೋ ಕೊಡಗಿನ ದೊಡ್ಡ ವೀರರಾಜೇಂದ್ರನ ಬಾಳೇ ಸಾಕೆನಿಸುತ್ತದೆ.

ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದ ಈ ಅರಸನು 1788ರಲ್ಲಿ ತಪ್ಪಿಸಿಕೊಂಡು ಬಂದು, ನಾಡನ್ನು ಮರಳಿ ಗೆದ್ದನು. 1792ರಲ್ಲಿ ಕಕ್ಕಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದ ದಟ್ಟಡವಿಯಲ್ಲಿ ನಾಲ್ಕುನಾಡು ಅರಮನೆಯನ್ನು ಕಟ್ಟಿಸತೊಡಗಿದನು. ಎರಡಂತಸ್ತಿನ ಆ ಮನೆಯಲ್ಲಿ ಕತ್ತಲ ಕೋಣೆಗಳಿವೆ. ಅದು ವೈಭವಕ್ಕಿಂತ ಹೆಚ್ಚಾಗಿ ಅಡಗುದಾಣ. 1796ರಲ್ಲಿ ಮಹದೇವಮ್ಮಾಜಿಯನ್ನು ವರಿಸಿದುದೂ ಅಲ್ಲಿಯೇ.

1799ರಲ್ಲಿ ಟಿಪ್ಪು ಮಡಿದನು. ಶತ್ರು ಅಳಿದರೂ ಅರಸನ ಅಂಜಿಕೆ ಅಳಿಯಲಿಲ್ಲ. 1807ರಲ್ಲಿ ರಾಣಿ ತೀರಿಕೊಂಡ ಮೇಲೆ, ಗಂಡುಸಂತಾನವಿಲ್ಲದ ಅವನ ಬುದ್ಧಿ ಕದಡಿತು. ಬಳಿಯಿದ್ದವರನ್ನೇ ಶಂಕಿಸಿದನು, ಕೋಪದಲ್ಲಿ ಕೊಲ್ಲಿಸಿ, ಬಳಿಕ ಮರುಗಿದನು. 1809ರಲ್ಲಿ ಕಣ್ಮುಚ್ಚಿದನು. ಮಡಿಕೇರಿಯ ಗದ್ದಿಗೆಯಲ್ಲಿ ಅವನ ಸಮಾಧಿಯಿದೆ.

ಅಕ್ಷರ ಕಲಿಯದ ನನ್ನ ಅಜ್ಜಿಯ ಕಥೆಗಳಲ್ಲಿ ಸತ್ತವರು ಬದುಕಿದವರನ್ನು ಕಾಡುತ್ತಿದ್ದರು. ಈ ಅರಸನನ್ನಾದರೋ ಬದುಕಿರುವಾಗಲೇ ಅವನ ಭಯ ಕಾಡಿತು. ಆದುದರಿಂದ ನನ್ನ ಕಥೆ ಗೆಜ್ಜೆಸದ್ದಿನಿಂದ ಆರಂಭವಾಗದು. ಶತ್ರುವಿಗೆ ಹೆದರಿ ಮನೆ ಕಟ್ಟಿದವನು, ಶತ್ರು ಸತ್ತ ಸುದ್ದಿ ಬಂದ ರಾತ್ರಿಯೂ ಬಾಗಿಲಿಗೆ ಅಗುಳಿ ಹಾಕುವುದರಿಂದ ಆರಂಭವಾಗುತ್ತದೆ.